ಅಂಗೈಯಲ್ಲಿ ಲಿಂಗ, ತಲೆಗೆ ಅಯಸ್ಕಾಂತ

ಗುಬ್ಬಿಯ ನಮ್ಮ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ, ಮಾತಿಗೆ ಕೂತರೆ ಕೇರಿಯ ಹೆಂಗಸರು ಕೈಯಲ್ಲಿದ್ದ ಮೊರ ಕೆಳಗಿಡುತ್ತಿದ್ದರು. ನನಗೆ ಬಂದ ಕನ್ನಡದಲ್ಲಿ ಅರ್ಧ ಅವರದೇ. ಬೈಸಿಕೊಂಡವರು ಇನ್ನೊಂದು ಸಲ ಬೈಯಲಿ ಎಂದು ಕಾಯಬೇಕು, ಅಷ್ಟು ಚಂದ ಬೈಯುತ್ತಿದ್ದರು. ಅಂಥವರು ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಸುಮ್ಮನಾಗಿಬಿಟ್ಟರು. ಜಗಳವಿಲ್ಲ, ಸಾವಿಲ್ಲ, ಕಾರಣ ಎನ್ನುವಂಥದ್ದು ಏನೂ ಇಲ್ಲ. ಕೂತಲ್ಲೇ ಕೂರುವುದು, ತಟ್ಟೆ ಮುಂದಿಟ್ಟರೆ ಎರಡು ತುತ್ತು, ಕರೆದರೆ ಒಂದು ನೋಟ. ಬೆಳಗಿನ ಲಿಂಗಪೂಜೆಯೊಂದನ್ನು ಮಾತ್ರ ಬಿಡಲಿಲ್ಲ.

ತುಮಕೂರಿನ ಡಾಕ್ಟರು ಖಿನ್ನತೆ ಎಂದರು. ಮಾತ್ರೆ ಬದಲಾಯಿಸಿ ಬದಲಾಯಿಸಿ ಕೊಟ್ಟರು, ಯಾವುದೂ ಹಿಡಿಯಲಿಲ್ಲ. ಕೊನೆಗೆ, "ಬೆಂಗಳೂರಲ್ಲಿ ಅಯಸ್ಕಾಂತದ ಚಿಕಿತ್ಸೆ ಬಂದಿದೆ. ಕೊಯ್ಯಲ್ಲ, ಪ್ರಜ್ಞೆ ತಪ್ಪಿಸಲ್ಲ. ಹೋಗಿ ನೋಡಿ" ಎಂದು ಕಳಿಸಿದರು.

ದೊಡ್ಡಪ್ಪನಿಗೆ ಗುಬ್ಬಿಯಲ್ಲಿ ಬಟ್ಟೆ ಅಂಗಡಿ. ಅಂಗಡಿಗೆ ಬಂದವರೆಲ್ಲ ಹೆದರಿಸಿದ್ದೇ ಹೆದರಿಸಿದ್ದು. ಕುಣಿಗಲ್ಲಿನ ಬೀಗರೊಬ್ಬರಂತೂ, "ತಲೆಗೆ ಕರೆಂಟ್ ಬುಡ್ತಾರೆ ಕಣಯ್ಯ. ಇರೋ ಬುದ್ಧೀನೂ ಹೋಯ್ತದೆ" ಎಂದರು.

"ಅವ್ಳು ಹಿಂಗೇ ಕೂತ್ರೆ ನನ್ ಬುದ್ಧಿ ಹೋಯ್ತದೆ, ಬುಡಿ" ಎಂದು ದೊಡ್ಡಪ್ಪ ಅಂಗಡಿಯನ್ನು ತಮ್ಮನಿಗೊಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದರು. ಅಲ್ಲಿಂದ ದಿನಾ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವುದು ಎಂದಾಯಿತು.

ಯಂತ್ರದ ಹತ್ತಿರ ಮೈಮೇಲೆ ಲೋಹ ಇರಬಾರದು ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಹೊರಡುವ ದಿನ ನನ್ನಮ್ಮ ಅಕ್ಕನ ಓಲೆ ಬಿಚ್ಚಿದರು, ಮೂಗುಬೊಟ್ಟು ಬಿಚ್ಚಿದರು, ಕಾಲುಂಗುರಕ್ಕೆ ಸೋಪು ಹಚ್ಚಿ ಎಳೆದರು. ಸೆರಗಿನ ಪಿನ್ನು, ತಲೆಯ ಪಿನ್ನು ಎಲ್ಲ ಹುಡುಕಿ ತೆಗೆದರು. ತಾಳಿಯ ಬದಲು ದಾರಕ್ಕೆ ಅರಿಶಿನದ ಕೊಂಬು ಕಟ್ಟಿದರು. ದೊಡ್ಡಪ್ಪ ತಾವೂ ವಾಚು, ಬೆಲ್ಟು, ಬೀಗದ ಕೈ ಕಳಚಿಟ್ಟರು.

"ಮೆಷಿನ್‌ಗೆ ಕೂರೋದು ನೀವಲ್ಲ ಭಾವ."

"ಇರ್ಲಿ ಬುಡು. ಅದು ಯಾರ್ನ ಹಿಡ್ಕತದೋ ಯಾರ್ ಕಂಡವ್ರೆ?" ಎನ್ನುತ್ತ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ರೈಲು ಹತ್ತಿದರು. ಆವತ್ತು ನಾನೂ ರಜೆ ಹಾಕಿ ಹೋಗಿದ್ದೆ.

ಆಸ್ಪತ್ರೆಯ ಕೋಣೆಯಲ್ಲಿ ಒಂದು ಒರಗು ಕುರ್ಚಿ, ಪಕ್ಕದಲ್ಲಿ ಪೆಟ್ಟಿಗೆಯಂಥ ಯಂತ್ರ, ಅದರ ದಪ್ಪ ಕೇಬಲ್ಲಿನ ತುದಿಗೆ ಎಂಟರ ಅಂಕಿಯಂತೆ ಸುತ್ತಿದ ಸುರುಳಿ. ಡಾಕ್ಟರು ನಡುವಯಸ್ಸಿನ ಹೆಂಗಸು. ದೊಡ್ಡಮ್ಮನನ್ನು ಕೂರಿಸಿ, "ಇದು ಬೆಳ್ಳಿ ಅಲ್ವಾ?" ಎಂದರು.

ದೊಡ್ಡಮ್ಮನ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಡಬ್ಬಿ. ಕೂದಲೊಳಗಿನ ಪಿನ್ನು ಹುಡುಕಿದವರಿಗೆ ಅದು ಕಂಡಿರಲಿಲ್ಲ! ನಮ್ಮ ಪಾಲಿಗೆ ಅದು ಲಿಂಗ. ಬೆಳ್ಳಿ ಎಂದು ಯಾರು ಯಾವಾಗ ನೋಡಿದ್ದೆವು?

ನರ್ಸು ಕೈ ಚಾಚಿದಳು. ದೊಡ್ಡಮ್ಮ ಎರಡೂ ಕೈಯಿಂದ ಮುಚ್ಚಿಕೊಂಡು ಎದ್ದೇಬಿಟ್ಟರು. "ಲಿಂಗ ಮೈ ಬಿಟ್ಟಿರಾಕಿಲ್ಲ. ನಡೀರಿ ಊರಿಗೆ."

ಎಷ್ಟೋ ತಿಂಗಳಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಸಂತೋಷಪಡಬೇಕೋ, ಚಿಕಿತ್ಸೆ ಕೈತಪ್ಪಿತೆಂದು ಅಳಬೇಕೋ ತಿಳಿಯದೆ ದೊಡ್ಡಪ್ಪ ನನ್ನ ಮುಖ ನೋಡಿದರು. ಇದೂ ಹೋದರೆ ಮುಂದೆ ಎಲ್ಲಿಗೆ ಹೋಗುವುದೋ ನಮಗೆ ಗೊತ್ತಿರಲಿಲ್ಲ.

ಆ ಡಾಕ್ಟರನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ನಗಲಿಲ್ಲ, ಗದರಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಡಬ್ಬಿ ಒಳಗೆ ಇರೋದು ಏನಮ್ಮಾ?"

"ಕಲ್ಲಿನ ಲಿಂಗ ಮೇಡಂ. ಲೋಹ ಏನೂ ಇಲ್ಲ" ಎಂದೆ ನಾನು.

"ಪೂಜೆ ಮಾಡೋವಾಗ ಎಲ್ಲಿಟ್ಕೋತೀರಿ?"

ದೊಡ್ಡಮ್ಮ ಎಡ ಅಂಗೈ ಚಾಚಿ ತೋರಿಸಿದರು.

"ಹಾಗೇ ಹಿಡ್ಕೊಂಡು ಕೂತ್ಕೊಳ್ಳಿ. ಡಬ್ಬಿ ಮಾತ್ರ ಯಜಮಾನ್ರ ಹತ್ರ ಇರ್ಲಿ. ನಾನು ಸುರುಳಿ ಇಡೋದು ತಲೆಯ ಎಡಗಡೆಗೆ. ಎಡಗಡೆ ಮಿದುಳು ತಟ್ಟಿದ್ರೆ ಅಲುಗೋದು ಬಲಗೈ. ಲಿಂಗ ಇರೋ ಕೈ ಅಲುಗಲ್ಲ."

ದೊಡ್ಡಮ್ಮ ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ತಾವೇ ಕರಡಿಗೆ ತೆರೆದು, ಲಿಂಗವನ್ನು ಕಣ್ಣಿಗೊತ್ತಿಕೊಂಡು ಅಂಗೈಯಲ್ಲಿಟ್ಟುಕೊಂಡು ಕುರ್ಚಿಗೆ ಒರಗಿದರು.

ಡಾಕ್ಟರು ಸುರುಳಿಯನ್ನು ತಲೆಗೆ ತಾಗಿಸಿ ಇಷ್ಟಿಷ್ಟೇ ಸರಿಸುತ್ತ ಹೋದರು. ಟಕ್. ಏನಿಲ್ಲ. ಟಕ್. ಏನಿಲ್ಲ. ಟಕ್! ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಜಿಗಿಯಿತು.

"ಲೇ, ನೀನೇ ಆಡ್ಸಿದ್ಯೇನೇ?" ಎಂದರು ದೊಡ್ಡಪ್ಪ. ದೊಡ್ಡಮ್ಮ ಕಣ್ಣಲ್ಲೇ ಇಲ್ಲ ಎಂದರು.

ಚರ್ಮ ಹರಿಯದೆ, ಮೂಳೆ ಕೊರೆಯದೆ, ಬುರುಡೆಯ ಹೊರಗಿನಿಂದಲೇ ಮಿದುಳನ್ನು ತಟ್ಟಿ ಎಬ್ಬಿಸುವುದೆಂದರೆ! ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಹೆಬ್ಬೆರಳು ನೋಡಿ ಎಷ್ಟು ಶಕ್ತಿ ಬೇಕೆಂದು ಅಳೆದುಕೊಂಡ ಮೇಲೆ, ಡಾಕ್ಟರು ಸುರುಳಿಯನ್ನು ಹಣೆಯ ಕಡೆಗೆ ಸರಿಸಿ ಚಿಕಿತ್ಸೆ ಶುರು ಮಾಡಿದರು. ಮರಕುಟಿಗ ಕುಟ್ಟಿದ ಹಾಗೆ ಸದ್ದು, ಬಿಡುವು, ಮತ್ತೆ ಸದ್ದು. ಎಡ ಅಂಗೈ ಕದಲಲಿಲ್ಲ.

ಮೊದಮೊದಲು ತಲೆನೋವು ಬಂತು. ಬೇರೆ ಬದಲಾವಣೆ ಕಾಣಲಿಲ್ಲ. "ರೈಲ್ವೆಯವ್ರಿಗೆ ಲಾಭ ಆಯ್ತು ಕಣ್ಲಾ, ಅಷ್ಟೆ" ಎಂದು ದೊಡ್ಡಪ್ಪ ಗೊಣಗಿದರು. ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾರೆ ಎಂದು ಡಾಕ್ಟರೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದರೂ ದೊಡ್ಡಮ್ಮ ಬೆಳಗಾದರೆ ಎಲ್ಲರಿಗಿಂತ ಮೊದಲು ಸೀರೆಯುಟ್ಟು ಹೊರಟು ನಿಲ್ಲುತ್ತಿದ್ದರು.

ಕೆಲವು ವಾರ ಕಳೆದಿತ್ತು. ಒಂದು ಶುಕ್ರವಾರ ನಾನೂ ಜೊತೆಗಿದ್ದೆ. ವಾಪಸು ಬರುವಾಗ ರೈಲು ಹಿರೇಹಳ್ಳಿ ದಾಟಿತ್ತು. ಎದುರು ಕೂತ ಹೆಂಗಸೊಬ್ಬರು, "ಎಲ್ಲಿಗೋಗಿದ್ರಿ ಅಕ್ಕಾ?" ಎಂದು ದೊಡ್ಡಮ್ಮನನ್ನು ಕೇಳಿದರು.

"ಆಸ್ಪತ್ರೆಗೆ ಕಣಮ್ಮ" ಎಂದರು ದೊಡ್ಡಪ್ಪ. "ಇವ್ಳಿಗೆ ಹುಷಾರಿಲ್ಲ, ಮಾತಾಡಾಕಿಲ್ಲ..."

"ಯಾಕ್ರೀ, ನಂಗೇನು ಬಾಯಿಲ್ವಾ?" ದೊಡ್ಡಮ್ಮ ತಿರುಗಿದರು. "ಮಾತಾಡಾಕಿಲ್ವಂತೆ! ಇವ್ರು ಬುಟ್ರೆ ತಾನೇ? ನೋಡಮ್ಮ, ಅದೇನಾಯ್ತು ಅಂದ್ರೆ..." ಎಂದು ಸೀಟಿನ ತುದಿಗೆ ಸರಿದು ಕೂತರು.

ತುಮಕೂರು ಬಂತು. ನಾನು ಚೀಲ ಹಿಡಿದು ಎದ್ದೆ. ದೊಡ್ಡಪ್ಪ ನನ್ನ ತೋಳು ಹಿಡಿದು ಕೂರಿಸಿದರು. "ಸುಮ್ನಿರ್ಲಾ. ಮಾತಾಡ್ತಾವ್ಳೆ."

ರೈಲು ಹೊರಟಿತು. ಆ ಸಂಜೆ ನಾವು ಗುಬ್ಬಿಯಲ್ಲಿ ಇಳಿದೆವು.