ಗೌರಿ ಬಿಟ್ಟ ಬಾವಿ, ಅಪ್ಪನ ಸೊಂಟದ ಎಕ್ಸ್‌ರೇ

ಆಗದ ಮಾತು ಅಂದವರು ದೊಡ್ಡಮ್ಮನ ತಮ್ಮ. ಎರಡು ಸಲ ಅಂದರು. ಮೊದಲ ಸಲ, ಕೈಗಾಡಿ ಎಳೆಯುವವನ ಮಗಳು ಡಾಕ್ಟರಾಗುವುದು ಆಗದ ಮಾತು ಅಂತ. ಎರಡನೇ ಸಲ, ಬರೀ ಮೂಳೆ ನೋಡಿ ಇದು ಗಂಡಸು, ಇದು ಹೆಂಗಸು ಅಂತ ಹೇಳುವುದು ಆಗದ ಮಾತು ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಲಕ್ಕೆ ಹಾಗೆ ಅನ್ನುವವರೇ ಜಾಸ್ತಿ ಇದ್ದರು.

ಹೋದ ವಾರ ಅಟ್ಟ ಖಾಲಿ ಮಾಡಿಸುತ್ತಿದ್ದೆ. ರದ್ದಿಯವನು ಪೇಪರ್ ಕಟ್ಟುಗಳ ನಡುವಿನಿಂದ ಒಂದು ದೊಡ್ಡ ಖಾಕಿ ಲಕೋಟೆ ಎಳೆದು, “ಅಮ್ಮ, ಎಕ್ಸ್‌ರೇ ಫಿಲಂ ಇದು. ಇದ್ರಲ್ಲಿ ಬೆಳ್ಳಿ ಇರತ್ತೆ, ಕೊಡ್ತೀರಾ?” ಅಂದ. ಲಕೋಟೆಯ ಬಾಯಿ ಬಿಡಿಸಿದ್ದೇ ತಡ, ಹುಳಿ ವಾಸನೆ ಮೂಗಿಗೆ ಬಡಿಯಿತು. ಡಾರ್ಕ್‌ರೂಮಿನ ತೊಟ್ಟಿಯಲ್ಲಿ ಫಿಲಂ ತೊಳೆಯುವಾಗ ಬರುತ್ತಿದ್ದ ವಾಸನೆ... ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಮ್ಮಪ್ಪನ ಸೊಂಟ. ಅಪ್ಪನ ಸೊಂಟ ನೋಡಿದರೂ ಕಣ್ಣಮುಂದೆ ಬಂದು ನಿಂತವರು ಮಾತ್ರ ದೊಡ್ಡಮ್ಮ.

ದೊಡ್ಡಮ್ಮ ನಮಗೆ ಸಂಬಂಧವಲ್ಲ. ಚಾಮರಾಜಪೇಟೆಯಲ್ಲಿ ನಮ್ಮ ಓಣಿ ಮುಗಿದು ದೊಡ್ಡ ರಸ್ತೆ ಶುರುವಾಗುವ ಮೂಲೆಯಲ್ಲಿ ಅವರ ಹೆಂಚಿನ ಮನೆ. ಗಂಡ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು, ನನಗಿಂತ ಸ್ವಲ್ಪ ದೊಡ್ಡವಳು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ, ಹಾಗಾಗಿ ಅವಳ ತಾಯಿ ದೊಡ್ಡಮ್ಮ ಆದರು. ನಮ್ಮಪ್ಪ ಬಳೇಪೇಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿರಲಿಲ್ಲ. ನನ್ನ ಪುಸ್ತಕಗಳೆಲ್ಲ ಅಕ್ಕ ಓದಿ ಬಿಟ್ಟವು. ಪುಸ್ತಕದ ಚಿತ್ರಗಳನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಜೀವಶಾಸ್ತ್ರದ ಪುಸ್ತಕದಲ್ಲಿದ್ದ ಅಸ್ಥಿಪಂಜರಕ್ಕೆ ಎರಡು ಜಡೆ ಹಾಕಿ, ಹಣೆಗೆ ಕುಂಕುಮ ಇಟ್ಟು, ಕೈತುಂಬ ಬಳೆ ಬರೆದಿದ್ದಳು. ಪರೀಕ್ಷೆಯ ಹಿಂದಿನ ದಿನವೂ ಅದನ್ನು ನೋಡಿದರೆ ನನಗೆ ನಗು ಬರುತ್ತಿತ್ತು.

ಅವರ ಮನೆಯ ಹಿಂದೆ ಒಂದು ಬಾವಿ ಇತ್ತು. ಆ ಸಾಲಿನ ಮನೆಗಳಿಗೆಲ್ಲ ಅದೇ. ನಮ್ಮ ಜನ ಅದರಲ್ಲಿ ನೀರು ಸೇದುವಂತಿರಲಿಲ್ಲ, ನಮಗೆ ಬೀದಿ ನಲ್ಲಿ. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆದರೆ ಗೌರಿ, ಗಣೇಶನನ್ನು ನೀರಿಗೆ ಬಿಡುವ ಸಂಜೆ ದೊಡ್ಡಮ್ಮ ನಮ್ಮ ಬಾಗಿಲಿಗೇ ಬರುತ್ತಿದ್ದರು.

“ಬಾರೇ, ಗೌರಮ್ಮನ್ನ ಕಳಿಸಿ ಬರೋಣ.”

ನನ್ನ ಕೈ ಹಿಡಿದುಕೊಂಡೇ ಬಾವಿಕಟ್ಟೆಯವರೆಗೆ ನಡೆಯುತ್ತಿದ್ದರು. ಅಲ್ಲಿದ್ದವರ ಮುಖ ಒಂದು ಥರ ಆಗುತ್ತಿತ್ತು. ದೊಡ್ಡಮ್ಮ ಆ ಕಡೆ ನೋಡುತ್ತಲೇ ಇರಲಿಲ್ಲ. ಮಣ್ಣಿನ ಗೌರಿ, ಅವಳಿಗೆ ಏರಿಸಿದ ಗಾಜಿನ ಬಳೆ, ಪುಟ್ಟ ಕನ್ನಡಿ, ಬಾಚಣಿಗೆ, ಎಲ್ಲ ಒಟ್ಟಿಗೆ ನೀರಿಗೆ... ಬುಳುಕ್ ಅಂತ ಒಂದು ಸದ್ದು. ಪ್ರತಿವರ್ಷ, ಆ ಸಾಲಿನ ಎಲ್ಲ ಮನೆಗಳಿಂದಲೂ.

ಅಕ್ಕನಿಗೆ ಪೇಟೆಯ ಕಡೆ ಮದುವೆಯಾಯಿತು. ಆ ಮನೆ ಅವಳಿಗೆ ಒಗ್ಗಲಿಲ್ಲ. ಒಮ್ಮೆ ಅಳುತ್ತ ತವರಿಗೆ ಬಂದವಳಿಗೆ ಅವಳ ಸೋದರಮಾವ, ಅಂದರೆ ದೊಡ್ಡಮ್ಮನ ತಮ್ಮ, ಬುದ್ಧಿ ಹೇಳಿ ವಾಪಸ್ಸು ಬಿಟ್ಟು ಬಂದರು. ಅದಾಗಿ ಕೆಲವು ತಿಂಗಳಿಗೆ ಅವಳು ಆ ಮನೆಯಿಂದ ಹೊರಟವಳು ಎಲ್ಲಿಗೂ ತಲುಪಲಿಲ್ಲ. ತವರಿಗೆ ಹೋದಳು ಅಂತ ಗಂಡನ ಮನೆಯವರು ಅಂದರು. ತವರಿಗೆ ಬರಲಿಲ್ಲ. ಪೊಲೀಸ್ ಕಂಪ್ಲೇಂಟ್ ಆಯಿತು, ಅದರ ಮೇಲೆ ಧೂಳು ಕೂತಿತು.

ಗೌರಿ ಹಬ್ಬಕ್ಕೆ ಮದುವೆಯಾದ ಮಗಳಿಗೆ ತವರಿನಿಂದ ಮೊರದ ಬಾಗಿನ ಹೋಗಬೇಕು. ದೊಡ್ಡಮ್ಮ ಪ್ರತಿವರ್ಷ ಹೊಸ ಮೊರದ ಜೊತೆಯೊಂದನ್ನು ತಂದು, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಇಟ್ಟು, ಮುಚ್ಚಿ ಕಟ್ಟಿ, ಅಕ್ಕನ ಹೆಸರಿನಲ್ಲಿ ದೇವರಮನೆಯ ಮೂಲೆಯಲ್ಲಿ ಇಡುತ್ತಿದ್ದರು. ಮುಂದಿನ ಹಬ್ಬದ ಹೊತ್ತಿಗೆ ಬೇಳೆಗೆ ಹುಳು ಬಿದ್ದಿರುತ್ತಿತ್ತು. ಬಿಚ್ಚುತ್ತಿದ್ದರು, ಹೊಸದು ಕಟ್ಟುತ್ತಿದ್ದರು.

ಅಷ್ಟರಲ್ಲಿ ನಾನು ಡಾಕ್ಟರಾಗಿದ್ದೆ. ಎಂ.ಬಿ.ಬಿ.ಎಸ್. ಮುಗಿಸಿ ನ್ಯಾಯವೈದ್ಯ ವಿಭಾಗದಲ್ಲಿ ಮುಂದಿನ ಓದಿಗೆ ಸೇರಿದ್ದೆ. ನಮ್ಮವ್ವನಿಗೆ ಅದೇ ಕೊರಗು. “ಬದುಕಿರೋರ ಡಾಕ್ಟ್ರಾಗು ಅಂದ್ರೆ ಸತ್ತೋರ ಡಾಕ್ಟ್ರಾಗಕ್ಕೆ ಹೋದ್ಯಲ್ಲೇ. ಯಾರು ಬರ್ತಾರೆ ನಿನ್ ಹತ್ರ?” ಅನ್ನುತ್ತಿದ್ದಳು. ನಮ್ಮ ವಿಭಾಗದ ಮುಖ್ಯಸ್ಥರು ಒಬ್ಬ ಮೇಡಂ. ಅವರು ನನಗೆ ಕೊಟ್ಟ ವಿಷಯ ಇದು: ಎಕ್ಸ್‌ರೇಯಲ್ಲಿ ಸೊಂಟದ ಮತ್ತು ತೊಡೆಯ ಮೂಳೆಗಳನ್ನು ಅಳೆದು ಗಂಡು ಹೆಣ್ಣಿನ ವ್ಯತ್ಯಾಸ ಹೇಳಬಹುದೇ?

“ಪರದೇಶದ ಪುಸ್ತಕದಲ್ಲಿ ಅಳತೆ ಇದೆ. ಅವು ಅವರ ಜನದ ಅಳತೆ,” ಅಂದಿದ್ದರು ಮೇಡಂ. “ನಮ್ಮವರ ಮೂಳೆ ಯಾರು ಅಳೆದಿದಾರೆ? ನೀನು ಅಳೆಯಮ್ಮ.”

ಬಿದ್ದವರು, ಸೊಂಟನೋವಿನವರು ಆಸ್ಪತ್ರೆಗೆ ಬಂದು ತೆಗೆಸಿಕೊಂಡ ಎಕ್ಸ್‌ರೇಗಳನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಅಳೆಯುತ್ತ ಕೂತೆ. ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ತಲೆ ಇರುತ್ತದೆ, ಸೊಂಟದ ಗುಳಿಯಲ್ಲಿ ಕೂರುವುದು ಅದೇ. ಸಾಮಾನ್ಯವಾಗಿ ಗಂಡಸರಲ್ಲಿ ಅದು ದೊಡ್ಡದು. ಸೊಂಟದ ಮೂಳೆಯ ಹಿಂಬದಿಯಲ್ಲಿ ಒಂದು ಕಚ್ಚು ಇರುತ್ತದೆ, ಹೆಂಗಸರಲ್ಲಿ ಅಗಲ, ಗಂಡಸರಲ್ಲಿ ಇಕ್ಕಟ್ಟು. ಹೆರಬೇಕಾದ ಮೈ, ಜಾಗ ಬಿಟ್ಟುಕೊಂಡಿರುತ್ತದೆ.

ಆ ನಡುವೆ ಅಪ್ಪ ಅಕ್ಕಿಮೂಟೆ ತುಂಬಿದ ಗಾಡಿಯ ಸಮೇತ ಜಾರಿ ಬಿದ್ದ. ಎಕ್ಸ್‌ರೇ ತೆಗೆದರು, ಮುರಿದಿರಲಿಲ್ಲ. ಅಭ್ಯಾಸಬಲದಿಂದ ಅದನ್ನೂ ಅಳೆದೆ. ಚೆಂಡಿನ ಅಳತೆಯನ್ನು ಪುಸ್ತಕದ ಪಟ್ಟಿಗೆ ಹಿಡಿದು ನೋಡಿದರೆ ಅಪ್ಪ ಹೆಂಗಸರ ಸಾಲಿನಲ್ಲಿ ಬಿದ್ದಿದ್ದ.

“ಏನಂತೆ ನನ್ ಸೊಂಟ?” ಅಂದ ಅಪ್ಪ.

“ಮುರಿದಿಲ್ಲ. ಆದ್ರೆ ಪುಸ್ತಕದ ಪ್ರಕಾರ ನೀನು ಹೆಂಗಸು.”

ಅಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. “ನಿಮ್ಮವ್ವಂಗೆ ಹೇಳ್ಬೇಡ. ಈಗ್ಲೇ ನನ್ ಮಾತು ಕೇಳಲ್ಲ,” ಅಂದ. ಆಮೇಲೆ, “ಗಾಡಿ ಎಳೆದಿರೋ ಸೊಂಟ ಕಣವ್ವ ಇದು. ಆ ಪುಸ್ತಕ ಬರೆದೋನು ಬಂದು ಒಂದಿನ ಎಳೀಲಿ,” ಅಂದ.

ಮೇಡಂ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ, “ಇದನ್ನ ಜೋಪಾನವಾಗಿ ಇಟ್ಕೊ,” ಅಂದರು.

ಮನೆಮನೆಗೆ ನಲ್ಲಿ ಬಂದ ಮೇಲೆ ದೊಡ್ಡಮ್ಮನ ಮನೆಯ ಹಿಂದಿನ ಬಾವಿಯಲ್ಲಿ ನೀರು ಸೇದುವವರಿರಲಿಲ್ಲ, ಅಕ್ಕ ಕಾಣೆಯಾಗುವ ಮೊದಲೇ ಅದು ಪಾಳುಬಿದ್ದಿತ್ತು. ಅಷ್ಟರಲ್ಲಿ ಅದು ಪೂರ್ತಿ ಬತ್ತಿ, ಮೇಲೆ ಕಲ್ಲುಚಪ್ಪಡಿ ಎಳೆದಿದ್ದರು. ಆ ಜಾಗ ಕೊಂಡವರು ಮನೆ ಕಟ್ಟಲು ಅದನ್ನು ಅಗೆಸಿದಾಗ ಮೂಳೆ ಸಿಕ್ಕಿತು. ಅಗೆಯುವವರ ಹಾರೆ ತಗುಲಿ ಅರ್ಧ ಪುಡಿಯಾಗಿತ್ತು, ತಲೆಬುರುಡೆ ಇರಲಿಲ್ಲ. ಉಳಿದದ್ದು ಗಟ್ಟಿಯಾದ ಜೇಡಿಮಣ್ಣಿನ ಒಂದು ದೊಡ್ಡ ಗಡ್ಡೆ, ಅದರೊಳಗೆ ಸೊಂಟ ಮತ್ತು ತೊಡೆ. ಆ ಮಣ್ಣಿನ ತುಂಬ ಕೆಂಪು, ಹಸಿರು ಬಳೆಚೂರು.

ಬಳೆ ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಅಕ್ಕ ಗಂಡನ ಮನೆ ಬಿಟ್ಟು ರಾತ್ರಿ ತವರಿಗೇ ಬಂದಿದ್ದಾಳೆ, ಮತ್ತೆ ವಾಪಸ್ಸು ಕಳಿಸುತ್ತಾರೆ ಅಂತ ಹೆದರಿ ಬಾವಿಗೆ ಬಿದ್ದಿದ್ದಾಳೆ ಅಂತ ಬೀದಿಯೇ ತೀರ್ಮಾನ ಮಾಡಿತು.

ನಾನು ಹೋದಾಗ ದೊಡ್ಡಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. “ಬಾಗಿಲವರೆಗೂ ಬಂದಿದ್ಲೇನೋ ಕಣೆ,” ಅಂದರು. “ತಟ್ಟಿದ್ಲೇನೋ. ನನಗೆ ಕೇಳಿಸ್ಲಿಲ್ವೇನೋ...”

ಅದೊಂದೇ ಮಾತು. ನೀರು ಕೊಟ್ಟರೂ ಅದೇ, ಊಟಕ್ಕೆ ಎಬ್ಬಿಸಿದರೂ ಅದೇ. ಮಗಳು ಸತ್ತಳು ಅನ್ನುವುದನ್ನು ಬೇಕಾದರೆ ಆ ಜೀವ ತಡೆದುಕೊಳ್ಳುತ್ತಿತ್ತು. ತಟ್ಟಿದ ಬಾಗಿಲು ತೆಗೆಯಲಿಲ್ಲ ಅನ್ನುವುದನ್ನು ತಡೆದುಕೊಳ್ಳುತ್ತಿರಲಿಲ್ಲ.

ದೊಡ್ಡಮ್ಮನ ತಮ್ಮ ಬಾಗಿಲಲ್ಲಿ ನಿಂತಿದ್ದರು. “ಶ್ರಾವಣ ಮುಗಿಯೋದ್ರೊಳಗೆ ಕಾರ್ಯ ಮಾಡಿ ಮುಗಿಸೋಣ ಅಕ್ಕ. ಈ ವರ್ಷ ಗೌರಿ ಇಲ್ಲ, ಮೊರವೂ ಬೇಡ,” ಅಂದರು. ಮೂಳೆ ನಮ್ಮ ವಿಭಾಗಕ್ಕೆ ಬರುತ್ತದೆ, ಪರೀಕ್ಷೆ ಆಗುವವರೆಗೆ ಕಾಯಿರಿ ಅಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಕೊಂಕಿರಲಿಲ್ಲ, ಬರೀ ಆಯಾಸ. “ಮೂಳೆಗೆ ಸೀರೆ, ಪಂಚೆ ಅಂತ ಇರತ್ತೇನಮ್ಮ? ಆಗದ ಮಾತು. ಬಳೆ ಇದೆಯಲ್ಲ, ಇನ್ನೇನು ಬೇಕು?”

ಮೇಡಂ ಮೊದಲು ಮಾಡಿದ ಕೆಲಸ ನನ್ನನ್ನು ದೂರ ನಿಲ್ಲಿಸಿದ್ದು. “ನಿನಗೆ ಗೊತ್ತಿರೋ ಮನೆ. ಅಳತೆ ನೀನು ತಗೋಬಾರದು, ಏನಾಗ್ಬೇಕು ಅಂತ ನಿನ್ನ ಕೈಗೆ ಗೊತ್ತಿರತ್ತೆ,” ಅಂದರು. ಇನ್ನೊಬ್ಬ ವಿದ್ಯಾರ್ಥಿಗೆ, ಅದು ಯಾರ ಮೂಳೆ ಅನ್ನುವುದನ್ನೂ ಹೇಳದೆ, ಕೆಲಸ ಒಪ್ಪಿಸಿದರು. ಗಡ್ಡೆ ಒಡೆದರೆ ಒಳಗಿನ ಮೂಳೆಯೂ ಪುಡಿಯಾಗುವಂತಿತ್ತು. ಹಾಗಾಗಿ ಇಡೀ ಗಡ್ಡೆಯನ್ನೇ ಎಕ್ಸ್‌ರೇ ಮಾಡುವುದು ಅಂತಾಯಿತು. ಫಿಲಂನಿಂದ ಮೂಳೆ ಮೇಲಕ್ಕಿದ್ದಷ್ಟೂ ನೆರಳು ದೊಡ್ಡದಾಗಿ ಬೀಳುತ್ತದೆ. ಅದಕ್ಕೇ ಮಲಗಿದ ರೋಗಿಯ ಸೊಂಟ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಗಡ್ಡೆಯನ್ನು ಇಟ್ಟರು, ನಾನು ಅಳೆದ ಎಕ್ಸ್‌ರೇಗಳ ಜೊತೆ ಹೋಲಿಸಿದರೆ ನ್ಯಾಯವಾಗಿರಲಿ ಅಂತ.

ಫಿಲಂ ತೊಳೆದು ಬಂತು. ಮಣ್ಣಿನ ಮಬ್ಬಿನ ನಡುವೆ ಮೂಳೆ ಬೆಳ್ಳಗೆ ಕಂಡಿತು. ಹಿಂಬದಿಯ ಕಚ್ಚು ಇಕ್ಕಟ್ಟಾಗಿತ್ತು, ಗಂಡಸಿನದು ಅನ್ನುವಂತೆ. ನನಗೆ ಉಸಿರು ಬಂತು. ಆಮೇಲೆ ಆ ಹುಡುಗ ಚೆಂಡಿನ ಅಳತೆ ಹೇಳಿದ. ಮೇಡಂ ಪರದೇಶದ ಪುಸ್ತಕ ತೆಗೆದು ನೋಡಿದರು. ಆ ಅಳತೆ ಹೆಂಗಸರ ಸಾಲಿನಲ್ಲಿತ್ತು.

“ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ,” ಅಂದರು ಮೇಡಂ. ನನ್ನ ಕಡೆ ತಿರುಗಿದರು. “ನಿನ್ನ ಪಟ್ಟಿ ತಗೊಂಡು ಬಾ.”

ನಮ್ಮ ಊರಿನ ಕೂಲಿಯವರು, ಹೂವು ಮಾರುವವರು, ಗುಮಾಸ್ತರು, ಮೇಷ್ಟರುಗಳು, ಎಲ್ಲರ ಸೊಂಟವೂ ಆ ಪಟ್ಟಿಯಲ್ಲಿತ್ತು. ನಮ್ಮ ಹೆಂಗಸರಲ್ಲಿ ಅಷ್ಟು ದೊಡ್ಡ ಚೆಂಡು ನನಗೆ ಸಿಕ್ಕಿರಲೇ ಇಲ್ಲ. ಗಂಡಸರಲ್ಲಿ ಅದು ತೀರ ಸಾಮಾನ್ಯ. ನಮ್ಮಪ್ಪನ ಅಳತೆಗೆ ಹೆಚ್ಚುಕಡಿಮೆ ಸರಿಸಮ. ಮೇಡಂ ಅಷ್ಟಕ್ಕೂ ಸಹಿ ಹಾಕಲಿಲ್ಲ. ಗಡ್ಡೆಯನ್ನು ದಿನಗಟ್ಟಲೆ ಹದವಾಗಿ ನೆನೆಸಿ, ಮಣ್ಣನ್ನು ಕುಂಚದಲ್ಲಿ ಬಿಡಿಸಿ, ಮೂಳೆಯನ್ನೇ ಕೈಯಲ್ಲಿ ಹಿಡಿದು ನೋಡಿದರು. ಎಕ್ಸ್‌ರೇ ಹೇಳಿದ್ದು ನಿಜವಾಗಿತ್ತು. ಮಣ್ಣು ಕರಗುತ್ತ ಬಂದಂತೆ ಅದರೊಳಗಿಂದ ಒಂದು ಪುಟ್ಟ ಕನ್ನಡಿ ಹೊರಬಂತು. ಆಮೇಲೆ ಬಣ್ಣ ಹೋದ ಒಂದು ಮಣ್ಣಿನ ಕೈ, ಬೆರಳಿಗಿಂತ ಸ್ವಲ್ಪ ದಪ್ಪ...

ವರ್ಷಗಟ್ಟಲೆ ಬಿಟ್ಟ ಗೌರಿ, ಗಣೇಶರು ಕರಗಿ ಆ ಮಣ್ಣಾಗಿದ್ದರು. ಬಳೆಗಳು ಗೌರಿಯವು. ಕೆಲವನ್ನು ನಾನೇ ದೊಡ್ಡಮ್ಮನ ಕೈ ಹಿಡಿದು ನಿಂತು ಮುಳುಗುವುದನ್ನು ನೋಡಿದ್ದೆ. ಮೂಳೆಗೆ ಬಳೆ ತೊಡಿಸಿದ್ದು ಬೀದಿಯವರು, ಅಕ್ಕ ಪುಸ್ತಕದ ಚಿತ್ರಕ್ಕೆ ತೊಡಿಸಿದ ಹಾಗೆ.

ಆ ಗಂಡಸು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಅವನಿಗೂ ಎಲ್ಲೋ ಒಂದು ಮನೆ ಇದ್ದಿರಬೇಕು, ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತವರು ಇದ್ದಿರಬೇಕು. ನಮಗೆ ಸಮಾಧಾನ ಆದ ದಿನ ಅವರಿಗೆ ಏನೂ ತಿಳಿಯಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಅಕ್ಕ ಬಂದಳು. ಕೆಲವು ವರ್ಷಗಳ ಮೇಲೆ, ದೂರದ ಯಾವುದೋ ಗಿರಣಿ ಊರಿನಿಂದ, ಒಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು. ಬಾಗಿಲು ತಟ್ಟಬೇಕಾಗಲಿಲ್ಲ, ಅದು ತೆರೆದೇ ಇತ್ತು. ದೊಡ್ಡಮ್ಮ ಏನೂ ಕೇಳಲಿಲ್ಲವಂತೆ, “ಊಟ ಆಯ್ತಾ” ಅಂದರಂತೆ. ಈಗ ದೊಡ್ಡಮ್ಮ ಇಲ್ಲ. ಅಪ್ಪನೂ ಇಲ್ಲ. ಮೇಡಂ ಹೋದದ್ದನ್ನು ಪೇಪರಿನಲ್ಲಿ ನೋಡಿದೆ. ಆ ಮೂಲೆಯಲ್ಲಿ ಹಾದುಹೋದರೆ ಬಾವಿ ಎಲ್ಲಿತ್ತು ಅಂತ ನನಗೇ ಗುರುತು ಹತ್ತುವುದಿಲ್ಲ. ರದ್ದಿಯವನಿಗೆ ಉಳಿದ ಫಿಲಂಗಳನ್ನೆಲ್ಲ ಕೊಟ್ಟು ಇದೊಂದನ್ನು ಇಟ್ಟುಕೊಂಡೆ. ಇದನ್ನು ಬೆಳಕಿಗೆ ಹಿಡಿದಾಗಲೆಲ್ಲ ಆ ಮಧ್ಯಾಹ್ನ ಕಾಣುತ್ತದೆ...

ಭಾದ್ರಪದಕ್ಕೆ ಇನ್ನೇನು ಸ್ವಲ್ಪ ದಿನ ಇತ್ತು. ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರು ಮೇಡಂ ಸಹಿ ಮಾಡಿದ ಸರ್ಟಿಫಿಕೇಟಿನ ಪ್ರತಿಯನ್ನು ಚಾಚಿದರು. ದೊಡ್ಡಮ್ಮನ ಕೈ ಮೇಲೇಳಲಿಲ್ಲ. ಅವರ ತಮ್ಮ ಇಸಕೊಂಡು, ಕನ್ನಡಕ ಏರಿಸಿ, ಓದಿದರು. ಪುರುಷನ ಅಸ್ಥಿ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಅಕ್ಕನನ್ನು ವಾಪಸ್ಸು ಬಿಟ್ಟು ಬಂದ ಕೈ ಅದು. ಅವರು ನನ್ನ ಕಡೆ ಒಮ್ಮೆ ನೋಡಿ, ಕಾಗದವನ್ನು ಮಡಿಸಿ ದೊಡ್ಡಮ್ಮನ ಮಡಿಲಲ್ಲಿ ಇಟ್ಟರು.

“ಅವಳು ಬಾಗಿಲು ತಟ್ಟಲೇ ಇಲ್ಲ ಅಕ್ಕ,” ಅಂದರು. “ಏಳು. ಮಾರ್ಕೆಟ್ ಮೇಲಿಂದ ಹೋಗೋಣ. ಈ ಸಲ ಮೊರ ನಾನೇ ಆರಿಸ್ತೀನಿ.”