ಸೆನ್ಸರಿಗೂ ಹಬ್ಬ

ತೊಂಬತ್ತರ ದಶಕದಲ್ಲಿ ಎಕ್ಸ್‌ಕವೇಟರ್‌ಗಳ ವೈರಿಂಗ್ ರಿಪೇರಿ ಮಾಡಿಕೊಂಡಿದ್ದ ನನಗೆ ಆಯುಧಪೂಜೆ ಮುಗಿದ ಮರುವಾರವೆಂದರೆ ಮೈಯೆಲ್ಲ ಉರಿ. ಜನರ ಭಕ್ತಿ ಹೆಚ್ಚಿದಷ್ಟೂ ನನಗೆ ಕೆಲಸ ಹೆಚ್ಚು. ಒಮ್ಮೆ ಹೀಗೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿಳಿದು, ಬಸ್ಸು ಹಿಡಿದು ಬೂದಿಕೋಟೆ ಕಡೆಯ ಕಲ್ಲು ಕ್ವಾರಿಗೆ ಹೋದೆ. ಎಕ್ಸ್‌ಕವೇಟರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಹಬ್ಬದಿಂದೀಚೆಗೆ ಮೇಲೇಳುತ್ತಿಲ್ಲವೆಂದು ಅಲ್ಲಿನ ಮೇಸ್ತ್ರಿ ಹೇಳಿಕಳಿಸಿದ್ದರು.

ಅದನ್ನು ಓಡಿಸುವ ಆಪರೇಟರಿಗೆ ಮಾತ್ರ ನಾನು ಬಂದದ್ದು ಹಿಡಿಸಲಿಲ್ಲ. "ಪೂಜೆ ಆದಾಗ್ನಿಂದ ಇಂಜಿನ್ನು ತಣ್ಣಗೈತೆ ಸಾ. ಸುಮ್ಕೆ ಯಾಕೆ ಕೈ ಆಕ್ತೀರ?" ಎಂದ.

ಬಿಸಿ ಅಳೆಯುವ ಸೆನ್ಸರಿನ ವೈರು ಬಿಚ್ಚಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿದೆ. ಮುಳ್ಳು ಚಂಗನೆ ತುದಿಗೆ ಹಾರಿತು. ಅಂದರೆ ಮೀಟರೂ ವೈರೂ ಸರಿಯಿದ್ದವು. ತೊಂದರೆ ಇದ್ದದ್ದು ಸೆನ್ಸರಿನಲ್ಲಿ. ಅದನ್ನು ಕಳಚಿ ನೋಡಿದವನಿಗೆ ಪಿತ್ತ ನೆತ್ತಿಗೇರಿತು. ಪುಣ್ಯಾತ್ಮ ಹಬ್ಬಕ್ಕೆಂದು ಅದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತಿರುಪಿನ ಸುತ್ತುಗಳಿಗೂ ದಪ್ಪಗೆ ಹಳದಿ ಬಣ್ಣ ಬಳಿದು ಕೂರಿಸಿದ್ದ. ಆ ಸುತ್ತುಗಳು ಇಂಜಿನ್ನಿನ ಕಬ್ಬಿಣಕ್ಕೆ ತಾಗಿದರೆ ತಾನೆ ಸೆನ್ಸರಿಗೆ ಅರ್ಥಿಂಗ್ ಸಿಗುವುದು! ಅದಿಲ್ಲದಿದ್ದರೆ ಇಂಜಿನ್ ಎಷ್ಟು ಕಾದರೂ ಮುಳ್ಳು ಏಳದು. ಸಾಲದ್ದಕ್ಕೆ ಸೆನ್ಸರಿನ ನೆತ್ತಿಯ ಮೇಲೆ ಕುಂಕುಮ ಬೇರೆ.

ಬಣ್ಣವನ್ನೆಲ್ಲ ಕೆರೆದು, ಸೆನ್ಸರನ್ನು ಮತ್ತೆ ಬಿಗಿದು ಇಂಜಿನ್ ಓಡಿಸಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಎದ್ದು, ಎಲ್ಲಿರಬೇಕೋ ಅಲ್ಲಿ ಬಂದು ನಿಂತಿತು. ನಾನು ಬೀಗುತ್ತ ಆಪರೇಟರ್ ಕಡೆ ತಿರುಗಿದೆ.

ಅವನು ಹಣೆ ಚಚ್ಚಿಕೊಂಡ. "ನೋಡಿದ್ರಾ ಸಾ, ನೀವು ಕೈ ಆಕಿದ್ದೇ ತಡ, ಬಿಸಿ ಏರೋಯ್ತು!"