ಅಣ್ಣ ಕಟ್ಟಿಕೊಟ್ಟ ಚೀಲ

ನನ್ನ ಅಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುವವನು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎಂಬಂಥ ಮನುಷ್ಯ. ನಮ್ಮ ಮನೆಯಲ್ಲಿ ಅಡುಗೆ ಅವನದು, ಹೊಲಿಗೆ ನನ್ನದು. ಉಪ್ಪು ಮುಗಿದಿದೆ ಎಂದು ಹೇಳುವುದಕ್ಕೂ ಚೀಟಿ ಬರೆದು ನನ್ನ ಹೊಲಿಗೆ ಯಂತ್ರದ ಮೇಲಿಡುತ್ತಾನೆ, ನಾನು ಎದುರಿಗೇ ಕೂತಿದ್ದರೂ. ಬೀದಿಯವರು ಅವನಿಗೆ ಚೀಟಪ್ಪ ಎಂದು ಹೆಸರಿಟ್ಟಿದ್ದಾರೆ. ಕೇಳಿಸಿದರೂ ಕೇಳಿಸದವನ ಹಾಗೆ ಓಡಾಡುತ್ತಾನೆ.

ಮನೆಯ ಮುಂದಿನ ಕೋಣೆಯೇ ಅವನ ಆಫೀಸು. ಗಡಿಯಾರ ರಿಪೇರಿಯವನು, ಬೀಗದವನು, ಬಣ್ಣದ ಡಬ್ಬಿ ಮಾರುವವನು, ಹೀಗೆ ಹತ್ತೊಂಬತ್ತು ಅಂಗಡಿಯವರು ವರ್ಷಕ್ಕೊಮ್ಮೆ ಬಿಲ್ಲು, ರಸೀದಿಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದುಹೋಗುತ್ತಾರೆ. ಅಣ್ಣ ಅವನ್ನು ತಿಂಗಳವಾರು ಜೋಡಿಸಿ, ಕೆಲಸ ಮುಗಿಸಿ, ನಾನು ಹೊಲಿದ ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿಗೆ ದಾರ ಬಿಗಿದು ತನ್ನದೇ ಒಂದು ಗಂಟು ಹಾಕಿ ವಾಪಸ್ಸು ಕೊಡುತ್ತಾನೆ. ಆಗ ಮಾತ್ರ ಅವನ ಬಾಯಿಂದ ಮಾತು ಬರುತ್ತದೆ: "ಬಿಚ್ಚಬೇಡಿ. ಕಾಗದ ಹಿಂದುಮುಂದಾದ್ರೆ ನನ್ನ ಕೇಳಬೇಡಿ." ಅಂಗಡಿಯವರಿಗೆ ಹೇಳಬೇಕಾದ್ದು ಏನಾದರೂ ಇದ್ದರೆ ಅದು ಚೀಟಿಯಲ್ಲಿ. ಚೀಟಿಯ ಕಾರ್ಬನ್ ನಕಲು ಅಣ್ಣನ ಕಪಾಟಿನಲ್ಲಿ, ಚೀಟಿ ಮಾತ್ರ ಆ ಚೀಲದೊಳಗೆ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಮೂವತ್ತು ವರ್ಷ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಷ್ಟು ಜಾಣರು ನಾವು.

ಆ ಹತ್ತೊಂಬತ್ತರಲ್ಲಿ ಒಂದು, ಎರಡು ಗಲ್ಲಿ ಆಚೆಯ ಗುಂಡಿಯಕ್ಕನ ಅಂಗಡಿ. ಷರ್ಟಿನ ಗುಂಡಿ, ನೂಲು, ಲೇಸು ಮಾರುತ್ತಾಳೆ. ಕೈ ಚಾಚಿದರೆ ಎರಡು ಕಡೆಯ ಗೋಡೆಯೂ ಸಿಗುವಷ್ಟು ಜಾಗ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಒಂದು ವರ್ಷ ಎರಡು ಹೊಲಿಗೆ ಕಾರ್ಖಾನೆಯವರು ಅವಳ ಹತ್ತಿರವೇ ಸಾಮಾನು ಕೊಳ್ಳತೊಡಗಿದರು. ವ್ಯಾಪಾರ ಸರ್ಕಾರದ ಮಿತಿ ದಾಟಿತು. ದಾಟಿದವರು ಮಾರಾಟ ತೆರಿಗೆಗೆ ನೋಂದಣಿ ಮಾಡಿಸಿ, ಗಿರಾಕಿಗಳಿಂದ ತೆರಿಗೆ ಹಿಡಿದು ಕಟ್ಟಬೇಕು. ಗುಂಡಿಯಕ್ಕ ಮಾಡಿಸಲಿಲ್ಲ. ಹನ್ನೊಂದು ತಿಂಗಳ ಮೇಲೆ ನೋಟಿಸು ಬಂತು: ಹಿಡಿಯದ ತೆರಿಗೆಯನ್ನು ಕೈಯಿಂದ ಕಟ್ಟಬೇಕು, ಅದರ ಮೇಲೆ ಅಷ್ಟೇ ದಂಡ. ತೆರಿಗೆಯನ್ನು ಹೇಗೋ ಕಂತಿನಲ್ಲಿ ತೀರಿಸಿಯಾಳು, ದಂಡವೂ ಸೇರಿದರೆ ಅಂಗಡಿಗೆ ಬಾಗಿಲು ಹಾಕಬೇಕು.

ಬೆಳಿಗ್ಗೆಯೇ ನೋಟಿಸು ಹಿಡಿದು ಬಂದಳು. "ನಾನೇನು ತಪ್ಪು ಮಾಡ್ದೆ ಅಣ್ಣ?"

ಅಣ್ಣ ಓದಿದ. ಕಪಾಟು ತೆಗೆದು ಕಾರ್ಬನ್ ಪುಸ್ತಕದ ಒಂದು ಹಾಳೆ ತೋರಿಸಿದ. ತಾರೀಖು, ಸಹಿ, ಕೆಳಗೆ "ತಿಳಿಸಲಾಗಿದೆ" ಎಂಬ ಒಕ್ಕಣೆ. ನನಗೆ ಹೋದ ಜೀವ ಬಂದಂತಾಯಿತು. ನನ್ನ ನಾಲಿಗೆಯೂ ಸ್ವಲ್ಪ ಉದ್ದ. "ನೋಡಮ್ಮ, ಬರೆದು ಕೊಟ್ಟಿದಾರೆ. ನೀನು ಓದದೆ ಇದ್ರೆ ನಾವೇನು ಮಾಡೋಣ?" ಎಂದುಬಿಟ್ಟೆ.

ಅವಳು ಎದ್ದುಹೋದಳು. ಕಾಲು ಗಂಟೆಗೆ ಚೀಲ ತಂದು ಮೇಜಿನ ಮೇಲಿಟ್ಟಳು. ಮೇಲೆಲ್ಲ ಧೂಳು, ಗಂಟು ಹಾಕಿದ ಹಾಗೇ ಇತ್ತು.

"ಬಿಚ್ಚಬೇಡಿ ಅಂದಿದ್ರಿ. ಬಿಚ್ಚಲಿಲ್ಲ."

ನಾನು ತಲೆ ತಗ್ಗಿಸಿದೆ. ತಾನೇ ಹಾಕಿದ ಗಂಟು ಬಿಚ್ಚಲು ಅಣ್ಣನಿಗೇ ಐದು ನಿಮಿಷ ಹಿಡಿಯಿತು. ಚೀಟಿ ಕೊನೆಯ ಬಿಲ್ಲಿನ ಹಿಂದೆ ಮಡಿಸಿಟ್ಟಂತೆಯೇ ಇತ್ತು. ಗುಂಡಿಯಕ್ಕ ಗಟ್ಟಿಯಾಗಿ ಓದಿದಳು: "ಮಾರಾಟ ಮಿತಿ ದಾಟಿದೆ. ತಿಂಗಳೊಳಗೆ ನೋಂದಣಿ ಮಾಡಿಸುವುದು."

ಹಿಂದೆ ತಿರುಗಿಸಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. "ಇಷ್ಟೇನಾ? ಆಮೇಲೂ ನಾಲ್ಕೈದು ಸಲ ಗುಂಡಿ ತಗೊಳಕ್ಕೆ ಬಂದಿದ್ರಲ್ಲಣ್ಣ. ಆಗ ಬಾಯಲ್ಲಿ ಹೇಳಬಾರದಿತ್ತಾ?"

ಅವಳು ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅನ್ನುತ್ತಿದ್ದೆ. ಅವಳು ಬೈಯಲಿಲ್ಲ.

ವಿಚಾರಣೆಯ ದಿನ ಅಣ್ಣ ಕರೆಯದಿದ್ದರೂ ಹೊರಟ. ಏನು ಮಾಡಿಕೊಳ್ಳುತ್ತಾನೋ ಎಂದು ನಾನೂ ಹಿಂದೆ ಹೋದೆ. ತೆರಿಗೆ ಅಧಿಕಾರಿ ಕನ್ನಡಕ ಹಣೆಗೇರಿಸಿ ಗುಂಡಿಯಕ್ಕನನ್ನು ನೋಡಿದರು. "ಲೆಕ್ಕದವರು ಹೇಳಲಿಲ್ಲ ಅಂತ ಎಲ್ಲರೂ ಹೇಳ್ತಾರಮ್ಮ. ಕಾನೂನು ತಿಳ್ಕೊಳ್ಳೋದು ಅಂಗಡಿಯವರ ಜವಾಬ್ದಾರಿ." ಆಮೇಲೆ ಅಣ್ಣನ ಕಾರ್ಬನ್ ಪುಸ್ತಕ ನೋಡಿ, "ನೀವು ತಿಳಿಸಿದೀರಲ್ಲ. ನಿಮ್ಮದೇನೂ ತಪ್ಪಿಲ್ಲ, ಹೋಗಬಹುದು," ಎಂದರು.

ನಾನು ಅಣ್ಣನ ತೋಳು ಜಗ್ಗಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಆಗ ಬೇಕಾಗಿದ್ದದ್ದು ಅಷ್ಟೇ. ಅಣ್ಣ ಕದಲಲಿಲ್ಲ.

"ತಿಳಿಸಿಲ್ಲ ಸರ್. ಬರೆದೆ ಅಷ್ಟೆ. ಬಿಚ್ಚಬೇಡಿ ಅಂತ ನಾನೇ ಹೇಳಿದ ಚೀಲದೊಳಗೆ ಇಟ್ಟೆ. ಇವರ ಅಂಗಡಿ ಮುಂದೇನೇ ದಿನಾ ಓಡಾಡ್ತೀನಿ, ಒಂದು ಮಾತು ಹೇಳಲಿಲ್ಲ. ನಾಳೆ ಯಾರಾದ್ರೂ ನನ್ನ ಕೇಳಿದ್ರೆ ತೋರಿಸೋಕೆ ನಕಲು ಇಟ್ಕೊಂಡೆ. ಇವರು ನನ್ನ ಮಾತು ಕೇಳಿದ್ದಕ್ಕೆ ಕೆಟ್ಟರು."

ಹುಟ್ಟಿದಂದಿನಿಂದ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಧಿಕಾರಿ ಕನ್ನಡಕ ಇಳಿಸಿದರು. "ಇದನ್ನೇ ಬರೆದುಕೊಟ್ರೆ ದಂಡದ ವಿಷಯ ನೋಡಬಹುದು. ಆದರೆ ನಿಮ್ಮ ಹೆಸರು ಫೈಲಿಗೆ ಹೋಗುತ್ತೆ. ನಿಮ್ಮ ಲೆಕ್ಕದವರ ಸಂಘಕ್ಕೂ ಒಂದು ಪ್ರತಿ ಹೋಗುತ್ತೆ."

ಅಣ್ಣ ಆಗಲೇ ಪೆನ್ನು ತೆಗೆದಿದ್ದ. ನಕಲು ಇಟ್ಟುಕೊಳ್ಳಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ದಂಡ ಮಾಫಿ, ತೆರಿಗೆಗೆ ಹನ್ನೆರಡು ಕಂತು. ಮರುವಾರ ಅಣ್ಣನಿಗೆ ಸಂಘದಿಂದ ಎಚ್ಚರಿಕೆಯ ಪತ್ರ ಬಂತು. ಸುದ್ದಿ ಕೇಳಿ ಫರ್ನಿಚರ್ ಅಂಗಡಿಯವನು, ನಮ್ಮ ಗಿರಾಕಿಗಳಲ್ಲೆಲ್ಲ ದೊಡ್ಡವನು, ಬೇರೆಯವರ ಹತ್ತಿರ ಹೋದ. ಅವನಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ.

ಉಳಿದ ಹದಿನೇಳು ಮಂದಿಗೂ ಅಣ್ಣ ಹೋದ ವರ್ಷದ ಚೀಲ ತರಲು ಹೇಳಿಕಳಿಸಿದ. ಬೆಂಚಿನ ಮೇಲೆ ಸಾಲಾಗಿ ಇಟ್ಟೆವು. ಹದಿನಾರು ಗಂಟು ಹಾಗೇ ಇದ್ದವು. ಹದಿನೇಳನೆಯದನ್ನು ಇಲಿ ಬಿಚ್ಚಿತ್ತು. ಅಣ್ಣ ಅವುಗಳ ಮುಂದೆ ತಲೆಯ ಮೇಲೆ ಕೈಹೊತ್ತು ಬಹಳ ಹೊತ್ತು ಕೂತ. ಆ ಚೀಲಗಳನ್ನು ಹೊಲಿದವಳು ನಾನೇ.

ಕೊನೆಗೆ ಒಂದೊಂದೇ ಬಿಚ್ಚಿ ಚೀಟಿ ತೆಗೆದ. ಗಡಿಯಾರದವನ ಚೀಟಿಯಲ್ಲಿ, ನಿಮ್ಮ ಮಾರಾಟ ಮಿತಿಯ ಹತ್ತಿರ ಬಂದಿದೆ, ಎಂದಿತ್ತು. ಅಣ್ಣ ಥಟ್ಟನೆ ಎದ್ದು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?" ಎಂದೆ.

"ಹೇಳಿ ಬರ್ತೀನಿ."

ಮೆಟ್ಟಿಲಿಳಿದವನು ಏನೋ ನೆನಪಾದಂತೆ ನಿಂತ. ಜೇಬಿಗೆ ಕೈ ಹಾಕಿ ಪೆನ್ನು ಮುಟ್ಟಿ, ಬಿಟ್ಟ. ನನ್ನ ಕಡೆ ತಿರುಗಿದ.

"ಮನೇಲಿ ಉಪ್ಪು ಮುಗಿದಿದೆ," ಎಂದ.

"ತರ್ತೀನಿ ಹೋಗು," ಎಂದೆ. ಅವನು ಗಲ್ಲಿ ತಿರುಗುವವರೆಗೆ ನನ್ನ ಕಣ್ಣು ತುಂಬಿಕೊಂಡಿದ್ದು ಅವನಿಗೆ ಕಾಣದಂತೆ ನೋಡಿಕೊಂಡೆ.